ಸೊನ್ನೆ ಬಿಲ್ಲಿನ ಮನೆಯಲ್ಲಿ ಮೆಂತ್ಯದ ಸೊಪ್ಪು: ಒಂದು ಬೆಳಕಿನ ಪ್ರಕರಣ

ಡಿಸೆಂಬರ್ ಮೊದಲ ವಾರ ದೊಡ್ಡಮ್ಮ ಫೋನ್ ಮಾಡಿದರು. "ನಮ್ಮನೆ ಮೀಟರ್ ಕೆಟ್ಟಿದೆ ಅನ್ಸತ್ತೆ ಕಣೋ, ಒಂದ್ಸಲ ಬಂದು ನೋಡ್ತೀಯಾ?" ಗೃಹಜ್ಯೋತಿ ಬಂದಾಗಿನಿಂದ ಸೊನ್ನೆ ಬರುತ್ತಿದ್ದ ಅವರ ಬಿಲ್ಲು ಆ ತಿಂಗಳು ನೂರು ಚಿಲ್ಲರೆ ರೂಪಾಯಿ ತೋರಿಸಿತ್ತು. ನೂರು ರೂಪಾಯಿ ಅವರಿಗೆ ದೊಡ್ಡದಲ್ಲ. ಆದರೆ ಸೊನ್ನೆ ಬಿಲ್ಲು ಅಂದರೆ ಅವರಿಗೆ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ. ಫ್ರಿಜ್ಜಿನ ಮೇಲೆ ಅಯಸ್ಕಾಂತ ಒತ್ತಿ ಅಂಟಿಸಿಡುತ್ತಾರೆ.

ಹೋಗಿ ನೋಡಿದೆ. ಮೀಟರ್ ಸರಿಯಾಗಿಯೇ ಇತ್ತು. ಅಡುಗೆಮನೆ ಹಿಂದಿನ ಯುಟಿಲಿಟಿ ಬಾಗಿಲು ತೆಗೆದರೆ ಗೋಡೆ, ವಾಷಿಂಗ್ ಮೆಷಿನ್, ಒಣಗಲು ಹಾಕಿದ್ದ ಪಂಚೆ, ಎಲ್ಲವೂ ನೇರಳೆ ಬಣ್ಣ. ಬಟ್ಟೆ ಒಣಹಾಕುವ ಕೊಕ್ಕೆಗೆ ಒಂದು ದೀಪ ನೇತಾಡುತ್ತಿತ್ತು. ಒಳಗೆ ಫ್ಯಾನ್ ಗುಂಯ್ ಅನ್ನುತ್ತಿತ್ತು. ಅದರ ಕೆಳಗೆ ನಾಲ್ಕು ಟ್ರೇಗಳಲ್ಲಿ ದಾರದಂತೆ ಉದ್ದುದ್ದ ಬೆಳೆದು, ತಲೆ ಹೊರಲಾರದೆ ಮಲಗಿದ್ದ ಮೆಂತ್ಯದ ಸಸಿಗಳು.

ಹನುಮಂತನಗರದ ಕಡೆಯ 30×40 ಸೈಟಿನ ನೆಲಮಹಡಿ ಮನೆ ಅದು. ಯುಟಿಲಿಟಿಗೆ ನಾಲ್ಕಡಿ ಅಗಲ, ಮೇಲೆ ಗ್ರಿಲ್. ಎರಡು ವರ್ಷದ ಹಿಂದಿನವರೆಗೆ ಅಲ್ಲಿ ಬೆಳಗಿನ ಬಿಸಿಲು ಬೀಳುತ್ತಿತ್ತು. ಮೆಂತ್ಯ, ಕೊತ್ತಂಬರಿ, ಪುದೀನ, ದೊಡ್ಡಪತ್ರೆ ತಮ್ಮ ಪಾಡಿಗೆ ಬರುತ್ತಿದ್ದವು. ಪಕ್ಕದ ಹಳೇ ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿದ ಮೇಲೆ ಬಿಸಿಲು ಹೋಯಿತು. ದೊಡ್ಡಪತ್ರೆ ಒಂದು ಹೇಗೋ ಉಳಿಯಿತು. ಮಿಕ್ಕವು ಒಂದೊಂದಾಗಿ ಸೊರಗಿದವು. ಮಗ ಊರಾಚೆಯಿಂದ ಆನ್‌ಲೈನ್‌ನಲ್ಲಿ ಈ ನೇರಳೆ ದೀಪ ಕಳಿಸಿದ್ದ. ಡಬ್ಬದ ಮೇಲೆ "1000 ವ್ಯಾಟ್" ಅಂತ ದಪ್ಪಕ್ಷರದಲ್ಲಿತ್ತು. ದೀಪ ಯಾವ ಅಂಗಡಿಯದು ಅನ್ನುವುದು ಬೇಡ, ಆ ಥರದ ದೀಪಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ.

ಮೊದಲು ಪ್ಲಗ್ಗಿಗೆ ಸಿಕ್ಕಿಸುವ ಪವರ್ ಮೀಟರ್ ಹಾಕಿದೆ. ತೋರಿಸಿದ್ದು 62 ವ್ಯಾಟ್. ಸಾವಿರ ವ್ಯಾಟಿನ ದೀಪ ನಿಜಕ್ಕೂ ಸಾವಿರ ವ್ಯಾಟ್ ಎಳೆದಿದ್ದರೆ ದೊಡ್ಡಮ್ಮನ ಬಿಲ್ಲಿನ ಕಥೆ ಏನಾಗುತ್ತಿತ್ತೋ, ಆ ಮಟ್ಟಿಗೆ ಸುಳ್ಳು ಒಳ್ಳೆಯದೇ ಆಯಿತು. ಡಬ್ಬದ ಮೇಲಿನ ಸಂಖ್ಯೆ ಹಳೇ ಕಾಲದ ಯಾವುದೋ ದೀಪಕ್ಕೆ "ಸಮಾನ" ಅನ್ನುವ ಲೆಕ್ಕ. ಏನಕ್ಕೆ ಸಮಾನ, ಯಾರು ಅಳೆದರು ಅನ್ನುವುದಕ್ಕೆ ತಲೆಬುಡವಿಲ್ಲ. ಬೆಳಿಗ್ಗೆ ಆರಕ್ಕೆ ಹಾಕಿ ರಾತ್ರಿ ಹತ್ತಕ್ಕೆ ಆರಿಸುತ್ತಿದ್ದರು. ದಿನಕ್ಕೆ 16 ಗಂಟೆ, ಹೆಚ್ಚುಕಡಿಮೆ ಒಂದು ಯೂನಿಟ್. ತಿಂಗಳಿಗೆ 30.

ಗೃಹಜ್ಯೋತಿಯ ಲೆಕ್ಕ ಗೊತ್ತಿದ್ದವರಿಗೆ ಮುಂದಿನದು ಅರ್ಥವಾಗಿರುತ್ತದೆ. 200 ಯೂನಿಟ್ ಎಲ್ಲರಿಗೂ ಫ್ರೀ ಅಂತ ಬಾಯಿಮಾತಿನಲ್ಲಿ ಹೇಳಿದರೂ, ಮನೆಮನೆಗೂ ಮಿತಿ ಬೇರೆ. 2022–23ರಲ್ಲಿ ಆ ಮನೆ ಬಳಸಿದ ಸರಾಸರಿ, ಅದರ ಮೇಲೆ ಶೇ. 10. ಅಷ್ಟರೊಳಗಿದ್ದರೆ ಸೊನ್ನೆ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ದೊಡ್ಡಮ್ಮನ ಮನೆಯ ಮಿತಿ 140. ಮಾಮೂಲಿ ಬಳಕೆ 129ರ ಆಸುಪಾಸು. ಅದಕ್ಕೆ ದೀಪದ 30 ಸೇರಿ 159 ಆಗಿತ್ತು. 19 ಯೂನಿಟ್ಟಿಗೆ ಬಿಲ್ಲು.

ಅಲ್ಲಿಗೆ ಪ್ರಕರಣ ಮುಗಿಸಬಹುದಿತ್ತು. ದೀಪ ತೆಗೆಯಿರಿ, ಸೊಪ್ಪು ಗಾಂಧಿಬಜಾರಿನಲ್ಲಿ ತನ್ನಿ ಅಂತ. ಹಾಗೆ ಹೇಳಿಯೂ ನೋಡಿದೆ. "ಬಜಾರಿನ ಸೊಪ್ಪು ತರೋಕೆ ನಿನ್ನ ಕರೀಬೇಕಿತ್ತಾ?" ಅಂದರು. ಹಾಗಾಗಿ ಪ್ರಶ್ನೆ ಹೀಗೆ ನಿಂತಿತು: ತಿಂಗಳಿಗೆ 11 ಯೂನಿಟ್ ಉಳಿಕೆ ಇರುವ ಮನೆಯಲ್ಲಿ, ಬಿಸಿಲೇ ಇಲ್ಲದ ಜಾಗದಲ್ಲಿ, ಏನು ಬೆಳೆಯಬಹುದು, ಯಾವ ದೀಪದಲ್ಲಿ?

ಮಧ್ಯಾಹ್ನ ಹನ್ನೆರಡಕ್ಕೆ ನೇರಳೆ ದೀಪ ಆರಿಸಿ, ಟ್ರೇ ಇಟ್ಟ ಜಾಗದಲ್ಲಿ, ಬಿದ್ದ ಬೆಳಕನ್ನು ಅಳೆಯುವ ಲಕ್ಸ್ ಮೀಟರ್ ಹಿಡಿದೆ. 1,200 ಲಕ್ಸ್. ಕಣ್ಣಿಗೆ ಅದು ಕತ್ತಲೆಯಲ್ಲ, ಪೇಪರ್ ಆರಾಮಾಗಿ ಓದಬಹುದು. ಅದೇ ಹೊತ್ತಿಗೆ ತಾರಸಿಗೆ ಹೋಗಿ ಹಿಡಿದರೆ ಲಕ್ಷದ ಹತ್ತಿರ. ನಮ್ಮ ಕಣ್ಣು ಈ ವಿಷಯದಲ್ಲಿ ಶುದ್ಧ ಮೋಸಗಾರ. ಪಾಪೆ ಹಿಗ್ಗಿಸಿ ಕುಗ್ಗಿಸಿ ಎಲ್ಲವನ್ನೂ ಒಂದೇ ಥರ ತೋರಿಸಿಬಿಡುತ್ತದೆ. ಗಿಡಕ್ಕೆ ಆ ಸೌಕರ್ಯವಿಲ್ಲ. ಎಂಬತ್ತು ಪಟ್ಟು ಕಡಿಮೆ ಅಂದರೆ ಅದಕ್ಕೆ ಎಂಬತ್ತು ಪಟ್ಟು ಕಡಿಮೆಯೇ.

ಗಿಡದ ಲೆಕ್ಕ ಬೆಳಕಿನ ಕಣಗಳ ಲೆಕ್ಕ. ಎಲೆಯ ಮೇಲೆ ಸೆಕೆಂಡಿಗೆ ಎಷ್ಟು ಫೋಟಾನ್ ಬಿದ್ದವು ಅನ್ನುವುದನ್ನು ಚದರ ಮೀಟರಿಗೆ ಇಷ್ಟು ಮೈಕ್ರೋಮೋಲ್ ಅಂತ ಹೇಳುತ್ತಾರೆ (ಮೋಲ್ ಅಂದರೆ ಕಣ ಎಣಿಸುವ ದೊಡ್ಡ ಮೂಟೆ, ಮೈಕ್ರೋಮೋಲ್ ಅದರ ಹತ್ತು ಲಕ್ಷದಲ್ಲೊಂದು ಪಾಲು). ಅದನ್ನು ಅಳೆಯುವ ಮೀಟರಿನ ಬೆಲೆಯಲ್ಲಿ ದೊಡ್ಡಮ್ಮ ಜೀವಮಾನವಿಡೀ ಮೆಂತ್ಯ ಕೊಳ್ಳಬಹುದು. ಹಾಗಾಗಿ ಲಕ್ಸಿನಿಂದಲೇ ಅಂದಾಜು ಹಾಕುವುದು ನನ್ನ ರೂಢಿ. ಬಿಸಿಲಾದರೆ ಲಕ್ಸನ್ನು 54ರಿಂದ ಭಾಗಿಸಬೇಕು, ಬಿಳಿ ಎಲ್‌ಇಡಿಯಾದರೆ ಸುಮಾರು 70ರಿಂದ. ಯುಟಿಲಿಟಿಯ 1,200 ಲಕ್ಸ್ ಅಂದರೆ 22 ಮೈಕ್ರೋಮೋಲ್. ಅದು ಹತ್ತು ಗಂಟೆ ಹಾಗೇ ನಿಂತರೂ (ನಿಲ್ಲುವುದಿಲ್ಲ) ದಿನಕ್ಕೆ 0.8 ಮೋಲ್. ಸೊಪ್ಪಿನ ಬೆಳೆಗಳಿಗೆ ದಿನಕ್ಕೆ 12ರಿಂದ 17 ಮೋಲ್ ಸಿಕ್ಕರೆ ಹಬ್ಬ. ಎಳೆಯದಾಗಿ ಕೀಳುವುದಾದರೆ 6–8ರಲ್ಲೂ ನಡೆಯುತ್ತದೆ. ಒಂದಕ್ಕಿಂತ ಕಡಿಮೆ ಇದ್ದಾಗ ಗಿಡ ಎಲೆ ಬಿಡುವ ಕೆಲಸ ಬದಿಗಿಟ್ಟು ಬೆಳಕು ಹುಡುಕಿಕೊಂಡು ಕತ್ತು ಚಾಚುತ್ತದೆ. ಮಲಗಿದ್ದ ಮೆಂತ್ಯ ಮಾಡಿದ್ದು ಅದನ್ನೇ.

ಹಾಗಾದರೆ ನೇರಳೆ ದೀಪದ 62 ವ್ಯಾಟ್ ಎಲ್ಲಿ ಹೋಯಿತು? ಅದರ ಕೆಳಗೆ ಲಕ್ಸ್ ಮೀಟರ್ ಹಿಡಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಲಕ್ಸ್ ಅನ್ನುವುದೇ ಮನುಷ್ಯನ ಕಣ್ಣಿನ ಅಳತೆ, ಅದು ಹಸಿರಿಗೆ ಹೆಚ್ಚು ಅಂಕ ಕೊಟ್ಟು ಕೆಂಪು ನೀಲಿಯನ್ನು ಹೆಚ್ಚುಕಡಿಮೆ ಫೇಲ್ ಮಾಡುತ್ತದೆ. ಆದರೆ ಅಳೆಯದೆಯೂ ಗೊತ್ತಾಗುವಂಥ ತಪ್ಪು ಒಂದಿತ್ತು. ದೀಪ ಇದ್ದದ್ದು ಟ್ರೇಯಿಂದ ಮೂರೂವರೆ ಅಡಿ ಮೇಲೆ. ಅಷ್ಟೆತ್ತರದಿಂದ ಬೆಳಕು ಹರಡಿ ಗೋಡೆಗೆ, ಪಂಚೆಗೆ, ಗ್ರಿಲ್ಲಿನ ಸಂದಿಯಿಂದ ಪಕ್ಕದ ಮನೆಯ ಮೊದಲ ಮಹಡಿ ಕಿಟಕಿಗೆ ಹಂಚಿಹೋಗುತ್ತಿತ್ತು. ಟ್ರೇಗೆ ಬಂದದ್ದು ಪ್ರಸಾದ. ಪಕ್ಕದ ಮನೆಯವರು ಆಗಲೇ ಒಮ್ಮೆ ಬಂದು, "ಆಂಟಿ, ನಿಮ್ಮನೇಲಿ ಬಾರ್ ಏನಾದ್ರೂ ಶುರು ಮಾಡಿದ್ರಾ?" ಅಂತ ಕೇಳಿ ಹೋಗಿದ್ದರಂತೆ.

ಇನ್ನು ಆ ಬಣ್ಣದ ಮಾತು. ಎಲೆಯಿಂದ ಪತ್ರಹರಿತ್ತನ್ನು ಬೇರ್ಪಡಿಸಿ ಗಾಜಿನ ನಳಿಗೆಯಲ್ಲಿಟ್ಟು ನೋಡಿದರೆ ಅದು ನೀಲಿ ಮತ್ತು ಕೆಂಪನ್ನು ಹೀರಿ ಹಸಿರನ್ನು ಬಿಟ್ಟುಬಿಡುತ್ತದೆ. ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ ಎರಡು ಗುಡ್ಡದ ಚಿತ್ರ ಅದೇ. "ಹಸಿರು ಬೆಳಕು ಗಿಡಕ್ಕೆ ದಂಡ" ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ಇಡೀ ಎಲೆ ನಳಿಗೆಯ ಹಾಗಲ್ಲ. ಒಳಗೆ ಬೆಳಕು ಕೋಶದಿಂದ ಕೋಶಕ್ಕೆ ಪುಟಿಯುತ್ತ ಹೋಗುತ್ತದೆ, ಹಸಿರಿನ ಬಹುಪಾಲೂ ಕೊನೆಗೆ ಹೀರಲ್ಪಡುತ್ತದೆ. 1972ರಲ್ಲಿ ಮೆಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಜೀವಂತ ಎಲೆಗಳ ಮೇಲೆ ಬಣ್ಣಬಣ್ಣದ ಬೆಳಕು ಬಿಟ್ಟು ಅಳೆದಾಗ ಕೆಂಪಿಗೆ ಮೇಲುಗೈ ಇದ್ದರೂ ಹಸಿರು ತೀರಾ ಹಿಂದೆ ಬಿದ್ದಿರಲಿಲ್ಲ. ಅಂದರೆ ಮಾಮೂಲಿ ಬಿಳಿ ಬೆಳಕಿನಲ್ಲಿ ಗಿಡಕ್ಕೆ ಬೇಡದ್ದು ಅಂತ ಏನೂ ಇಲ್ಲ. ನೇರಳೆ ಬೆಳಕಿನಲ್ಲಿ ಇನ್ನೊಂದು ತೊಂದರೆ ನಾನು ಕಣ್ಣಾರೆ ಕಂಡೆ. ದೀಪ ಆರಿಸಿದಾಗಷ್ಟೇ ಪುದೀನದ ಎಲೆಗಳು ಹಳದಿ ತಿರುಗಿರುವುದು ಕಾಣಿಸಿತು. ನೇರಳೆಯಲ್ಲಿ ಹಸಿರೆಲೆಯೂ ಕಪ್ಪು, ಹುಳ ತಿಂದದ್ದೂ ಕಪ್ಪು. ಯಾವ ಎಲೆಗೆ ಏನಾಗಿದೆ ಅಂತ ದೊಡ್ಡಮ್ಮನಿಗೆ ತಿಂಗಳಿಂದ ಗೊತ್ತೇ ಆಗಿರಲಿಲ್ಲ.

ಈಗ 11 ಯೂನಿಟ್ಟಿನ ಲೆಕ್ಕ. ತಿಂಗಳಿಗೆ 11 ಅಂದರೆ ದಿನಕ್ಕೆ ಸುಮಾರು 366 ವ್ಯಾಟ್-ಗಂಟೆ. 12 ಗಂಟೆ ಉರಿಸಿದರೆ 30 ವ್ಯಾಟ್. ಅಷ್ಟೇ ನಮ್ಮ ಬಂಡವಾಳ. ಸಾಮಾನ್ಯವಾಗಿ ಜನ ಗಿಡ ಇಷ್ಟು, ದೀಪ ಯಾವುದು ಅಂತ ಕೇಳುತ್ತಾರೆ. ಇಲ್ಲಿ ಕರೆಂಟು ಇಷ್ಟು, ಗಿಡ ಎಷ್ಟು ಅಂತ ಉಲ್ಟಾ ಕೇಳಬೇಕಾಯಿತು. ನನಗೆ ಅದೇ ಸರಿಯಾದ ದಿಕ್ಕು ಅನ್ನಿಸುತ್ತದೆ, ಬಿಲ್ಲು ಎಷ್ಟು ಬಂದರೂ ಪರವಾಗಿಲ್ಲ ಅನ್ನುವವರ ಮನೆಯಲ್ಲೂ.

30 ವ್ಯಾಟಿನಲ್ಲಿ ಮೂರು ದಾರಿ ಇದ್ದವು.

ಮನೆಯಲ್ಲೇ ಇದ್ದ 9 ವ್ಯಾಟಿನ ಬಲ್ಬುಗಳು ಮೂರು. ದುಡ್ಡು ಖರ್ಚಿಲ್ಲ. ಒಂದೊಂದು ಸುಮಾರು 900 ಲುಮೆನ್ (ದೀಪ ಹೊರಹಾಕುವ ಒಟ್ಟು ಬೆಳಕಿನ ಅಳತೆ). ಆದರೆ ಗೋಲ ಬಲ್ಬು ಬೆಳಕನ್ನು ಪಕ್ಕಕ್ಕೂ ಚೆಲ್ಲುತ್ತದೆ, ನೇರ ಕೆಳಗೆ ಒಂದು ಚುಕ್ಕೆ ಬಿಳಿಚಿ ಅಂಚು ಕತ್ತಲೆ. ಒಂದು ಕುಂಡಕ್ಕೆ ಸರಿ, ಟ್ರೇಗೆ ಅಲ್ಲ.

ಎರಡನೆಯದು ಎರಡಡಿಯ 10 ವ್ಯಾಟಿನ ಎಲ್‌ಇಡಿ ಬ್ಯಾಟನ್, ಟ್ಯೂಬ್‌ಲೈಟ್ ಜಾಗಕ್ಕೆ ಬಂದ ಪಟ್ಟಿ. ವ್ಯಾಟಿಗೆ ನೂರು ಲುಮೆನ್ ಎಂದರೆ, 70ರ ಭಾಗಾಕಾರದಲ್ಲಿ, ಒಂದು ಜೂಲ್ ಕರೆಂಟಿಗೆ (ಒಂದು ವ್ಯಾಟ್ ಒಂದು ಸೆಕೆಂಡು ಉರಿದರೆ ಒಂದು ಜೂಲ್) 1.4 ಮೈಕ್ರೋಮೋಲ್ ಬೆಳಕು. ಇದು ಕೆಟ್ಟ ಸಂಖ್ಯೆಯಲ್ಲ. ಬೆಳಕು ಕೆಳಮುಖವಾಗಿಯೇ ಬೀಳುತ್ತದೆ, ಟ್ರೇಯ ಉದ್ದಕ್ಕೂ ಹಾಸುತ್ತದೆ.

ಮೂರನೆಯದು ಗಿಡಕ್ಕಂತಲೇ ಮಾಡಿದ ಬೋರ್ಡು. ಅಲ್ಯುಮಿನಿಯಂ ತಗಡಿನ ಮೇಲೆ ಸಾಲುಸಾಲು ಬಿಳಿ ಎಲ್‌ಇಡಿ, ನಡುನಡುವೆ 660 ನ್ಯಾನೋಮೀಟರಿನ ಕಡುಗೆಂಪು. ಒಳ್ಳೆಯ ಬೋರ್ಡು ಜೂಲಿಗೆ 2.5ರಿಂದ 2.7 ಮೈಕ್ರೋಮೋಲ್ ಕೊಡುತ್ತದೆ, ಬ್ಯಾಟನ್ನಿನ ಹೆಚ್ಚುಕಡಿಮೆ ಎರಡು ಪಟ್ಟು. ನನ್ನ ಮನೆಯಲ್ಲಿ ಒಂದಿತ್ತು, 30 ವ್ಯಾಟಿನದು, ಬೆಳಕು ತಗ್ಗಿಸುವ ತಿರುಗಣೆ ಸಮೇತ. ಮೂರು ಸಾವಿರ ಕೊಟ್ಟಿದ್ದೆ.

ಬಿಳಿ ಎಲ್‌ಇಡಿ ಅಂದರೇನು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ "ಫುಲ್ ಸ್ಪೆಕ್ಟ್ರಮ್" ಅನ್ನುವ ಮಾತಿಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಒಳಗಿರುವುದು ನೀಲಿ ಚಿಪ್ಪು. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಪುಡಿ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ಆ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು. ನಿಮ್ಮ ನಡುಮನೆಯ ಟ್ಯೂಬ್‌ಲೈಟೂ ಆ ಅರ್ಥದಲ್ಲಿ ಫುಲ್ ಸ್ಪೆಕ್ಟ್ರಮ್ಮೇ.

ನನ್ನ ಬೋರ್ಡನ್ನು ಒಂದು ಸಂಜೆ ಅಲ್ಲಿ ಹಚ್ಚಿ ನೋಡಿದೆವು. ಬ್ಯಾಟನ್ ಮೂರು 29 ವ್ಯಾಟಿನಲ್ಲಿ ಕೊಡುವಷ್ಟು ಬೆಳಕನ್ನು ಅದು ತಗ್ಗಿಸಿದಾಗಲೂ 17–18 ವ್ಯಾಟಿನಲ್ಲೇ ಕೊಟ್ಟಿತು. ಅಂದರೆ ಉಳಿತಾಯ 12 ವ್ಯಾಟಿನಷ್ಟು, ತಿಂಗಳಿಗೆ ಹೆಚ್ಚೆಂದರೆ 5 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 30 ರೂಪಾಯಿ. ಬ್ಯಾಟನ್‌ಗಳಿಗೂ ಬೋರ್ಡಿಗೂ ಬೆಲೆಯ ಅಂತರ 2,400. ಆ ದುಡ್ಡು ವಾಪಸ್ ಬರಲು 80 ತಿಂಗಳು. ದೊಡ್ಡಮ್ಮ ಬೆರಳು ಮಡಿಸಿ ಎಣಿಸಿ, "ಅಷ್ಟೊತ್ತಿಗೆ ನಂಗೆ ಎಂಬತ್ತಾಗಿರತ್ತೆ" ಅಂದರು. ಬೋರ್ಡನ್ನು ನಾನು ವಾಪಸ್ ತಂದೆ. ಇದೇ ಲೆಕ್ಕ ಗೆಳೆಯನೊಬ್ಬನ ಮನೆಯಲ್ಲಿ ತಿರುಗಿಬಿದ್ದಿತ್ತು. ಅವನದು ಐದು ಹಂತದ ರ್‍ಯಾಕ್, ಹೋಟೆಲುಗಳಿಗೆ ಮೈಕ್ರೋಗ್ರೀನ್ (ಎಳೆಯದರಲ್ಲೇ ಕೊಯ್ಯುವ ಸಸಿ ಸೊಪ್ಪು) ಕೊಡುತ್ತಾನೆ, 300 ವ್ಯಾಟಿನ ಬಳಕೆ, ಗೃಹಜ್ಯೋತಿ ಇಲ್ಲ. ಅವನಿಗೆ ಬೋರ್ಡೇ ಸರಿ. ದಕ್ಷತೆಗೆ ಹೆಚ್ಚು ದುಡ್ಡು ಕೊಡುವುದು ಗಂಟೆಗಟ್ಟಲೆ, ನೂರಾರು ವ್ಯಾಟ್ ಉರಿಸುವವರ ಲಾಭ. ಒಂದು ಟ್ರೇಯವರ ಲಾಭ ಬೇರೆ ಕಡೆ ಇದೆ.

ಎಲ್ಲಿ ಅನ್ನುವುದು ನನಗೆ ಅವತ್ತೇ ಸಂಜೆ, ಆಕಸ್ಮಿಕವಾಗಿ, ಕಂಡಿತು. ಕಾಫಿ ಕುಡಿಯುತ್ತ ಕೂತಾಗ ದೇವರಮನೆಯೊಳಗಿನ ಕೆಂಪು ಬಲ್ಬು ಕಣ್ಣಿಗೆ ಬಿತ್ತು. ಹಳೇ ಕಾಲದ ಜೀರೋ ಬಲ್ಬು, ತಂತಿ ಕಾಯುವಂಥದು. "ಅದು ಹಗಲೂ ರಾತ್ರಿ ಉರಿಯತ್ತಾ?" "ದೇವರ ಮುಂದಿನ ದೀಪ ಕಣೋ ಅದು. ಜೀರೋ ಬಲ್ಬು, ಅದೇನು ಕರೆಂಟು ಎಳೆಯಲ್ಲ."

ಬಿಚ್ಚಿ ಮೀಟರಿಗೆ ಹಾಕಿದೆ. 14 ವ್ಯಾಟ್.

ಜೀರೋ ಬಲ್ಬು ಜೀರೋ ಆಗಿದ್ದು ಹಳೇ ತಿರುಗುವ ಚಕ್ರದ ಮೀಟರುಗಳ ದೆಸೆಯಿಂದ. ಅಷ್ಟು ಸಣ್ಣ ಬಳಕೆಗೆ ಆ ಚಕ್ರ ಸರಿಯಾಗಿ ಅಲ್ಲಾಡುತ್ತಿರಲಿಲ್ಲ. ಈಗಿನ ಎಲೆಕ್ಟ್ರಾನಿಕ್ ಮೀಟರು ಅದನ್ನೂ ಬಿಡದೆ ಎಣಿಸುತ್ತದೆ. 14 ವ್ಯಾಟ್, 24 ಗಂಟೆ, 30 ದಿನ. ತಿಂಗಳಿಗೆ 10 ಯೂನಿಟ್. ಅಂದರೆ ಒಂದು ಟ್ರೇ ಸೊಪ್ಪಿಗೆ ಬೇಕಾದಷ್ಟು ಕರೆಂಟು ದೇವರಮನೆಯ ಮೂಲೆಯಲ್ಲಿ, ಕೆಂಪು ಗಾಜಿನೊಳಗೆ, ಬಹುಪಾಲು ಬಿಸಿಯಾಗಿ ಹೋಗುತ್ತಿತ್ತು. ಅದೇ ಹೋಲ್ಡರಿಗೆ ಅರ್ಧ ವ್ಯಾಟಿನ ಕೆಂಪು ಎಲ್‌ಇಡಿ ಹಾಕಿದೆವು. ದೊಡ್ಡಮ್ಮ ಎರಡು ದಿನ ಅದನ್ನು ಅನುಮಾನದಿಂದ ನೋಡಿ, ಮೂರನೇ ದಿನ ಒಪ್ಪಿಕೊಂಡರು. ತಿಂಗಳ ಉಳಿಕೆ 11ರಿಂದ 20 ದಾಟಿತು.

ಬ್ಯಾಟನ್ ಕೊಳ್ಳಲು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ಅಂಗಡಿಯಲ್ಲಿ ಗಿಡದ ವಿಷಯ ಎತ್ತಲಿಲ್ಲ, ಎತ್ತಿದರೆ ಒಳಗಿಂದ ನೇರಳೆ ದೀಪ ತರುತ್ತಾರೆ. ಡಬ್ಬ ತಿರುಗಿಸಿ ಲುಮೆನ್ ಎಷ್ಟು, ವ್ಯಾಟ್ ಎಷ್ಟು ನೋಡಿ, ಒಂದನ್ನು ಇನ್ನೊಂದರಿಂದ ಭಾಗಿಸಿದೆ. ಒಂದೇ ಸಾಲಿನಲ್ಲಿ, ಒಂದೇ ಬೆಲೆಗೆ, ವ್ಯಾಟಿಗೆ 80 ಲುಮೆನ್ ಕೊಡುವುದೂ 100 ಕೊಡುವುದೂ ಅಕ್ಕಪಕ್ಕ ಕೂತಿದ್ದವು. ಲುಮೆನ್ ಅಚ್ಚೇ ಇಲ್ಲದ ಡಬ್ಬಗಳೂ ಇದ್ದವು, ಅವನ್ನು ಮುಟ್ಟಲಿಲ್ಲ. ಬಣ್ಣದ ಹದ 6500 ಕೆಲ್ವಿನ್. ತುಸು ನೀಲಿ ಹೆಚ್ಚಿರುವ ಬಿಳಿ, ಸೊಪ್ಪಿನ ಗಿಡ ಕುಳ್ಳಗೆ ದಪ್ಪಗೆ ಬರಲು ಒಳ್ಳೆಯದು. ಮೂರು ಬ್ಯಾಟನ್ನಿಗೆ ಒಟ್ಟು ಆರು ನೂರು.

ಇನ್ನು ಜೋಡಣೆ. ಇಡೀ ಪ್ರಕರಣದಲ್ಲಿ ನನಗೆ ಖುಷಿ ಕೊಟ್ಟ ಭಾಗ ಇದು. ಹಳೇ ಪುಸ್ತಕದ ಸ್ಲಾಟೆಡ್ ಆಂಗಲ್ ರ್‍ಯಾಕಿನ ಒಂದು ಹಂತ ಖಾಲಿ ಮಾಡಿ, ಮೇಲಿನ ತಗಡಿನ ತಳಕ್ಕೆ ಮೂರು ಬ್ಯಾಟನ್ ಎಂಟೆಂಟು ಸೆಂಟಿಮೀಟರ್ ಅಂತರದಲ್ಲಿ ಕೂರಿಸಿದೆ. ಕೆಳಗೆ ಎರಡಡಿ ಉದ್ದ, ಒಂದಡಿ ಅಗಲದ ಟ್ರೇ. ಮೊದಲ ಸಲ ದೀಪಕ್ಕೂ ಟ್ರೇಗೂ ನಡುವೆ 45 ಸೆಂಟಿಮೀಟರ್ ಇತ್ತು. ನಡುಮಧ್ಯೆ ಮೀಟರ್ 3,600 ಲಕ್ಸ್ ಅಂದಿತು. ಟ್ರೇ ಕೆಳಗೆ ಇಟ್ಟಿಗೆ ಕೊಟ್ಟು ಮೇಲೆತ್ತಿ 15 ಸೆಂಟಿಮೀಟರಿಗೆ ತಂದೆ. 12,400. ಒಂದು ಪೈಸೆ ಖರ್ಚಿಲ್ಲದೆ ಮೂರು ಪಟ್ಟಿಗೂ ಹೆಚ್ಚು. ಎಲ್‌ಇಡಿಯ ದೊಡ್ಡ ಅನುಕೂಲ ಇದೇ, ಹಳೇ ಸೋಡಿಯಂ ದೀಪದ ಹಾಗೆ ಎಲೆ ಸುಡುವುದಿಲ್ಲ, ಅಂಗೈ ಇಟ್ಟರೆ ಬೆಚ್ಚಗಿರುತ್ತದೆ ಅಷ್ಟೆ.

ಅಂಚಿನಲ್ಲಿ ಮಾತ್ರ 5,500 ಇತ್ತು. ಬೆಳಕು ಪಕ್ಕದಿಂದ ಸೋರುತ್ತಿತ್ತು. ಟಿವಿ ಡಬ್ಬದಲ್ಲಿ ಬಂದಿದ್ದ ಥರ್ಮಾಕೋಲ್ ಹಲಗೆಗಳನ್ನು ಕುಯ್ದು ಮೂರು ಬದಿಗೆ ನಿಲ್ಲಿಸಿದೆ, ಎದುರಿಗೆ ತೆಗೆದು ಹಾಕುವ ಹಾಗೆ ಒಂದು. ಅಂಚು 9,000ಕ್ಕೆ ಏರಿತು. ಬೆಳ್ಳಿ ಕಾಗದ ಹಚ್ಚುವಾ ಅಂತ ದೊಡ್ಡಮ್ಮನ ಮೊಮ್ಮಗಳು ಕೇಳಿದಳು. ಸುಕ್ಕಾದ ಅಲ್ಯುಮಿನಿಯಂ ಕಾಗದ ಅಲ್ಲಲ್ಲಿ ಮಿರುಗಿದರೂ, ಬೆಳಕನ್ನು ಒಂದೇ ಸಮ ಹರಡಿ ವಾಪಸ್ ಕೊಡುವುದರಲ್ಲಿ ಮಂಕು ಬಿಳಿಯೇ ವಾಸಿ. ಟ್ರೇಯ ಒಂಬತ್ತು ಕಡೆ ಅಳೆದು ಸರಾಸರಿ ತೆಗೆದರೆ 10,500 ಲಕ್ಸ್. ಅಂದರೆ 150 ಮೈಕ್ರೋಮೋಲ್. ದಿನಕ್ಕೆ 14 ಗಂಟೆ ಉರಿಸಿದರೆ ಏಳೂವರೆ ಮೋಲ್. ಮೊದಲಿನ 0.8 ಎಲ್ಲಿ, ಇದೆಲ್ಲಿ. ನೇರಳೆ ದೀಪದ ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ.

ತಿಂಗಳ ಖರ್ಚು 12 ಯೂನಿಟ್. ಉಳಿದ ಎಂಟನ್ನು ಮುಟ್ಟಬೇಡಿ, ಬೇಸಿಗೆಯ ಫ್ಯಾನಿಗೆ ಬೇಕು ಅಂತ ಹೇಳಿದೆ.

ಯುಟಿಲಿಟಿಯಲ್ಲಿ ನೀರಿನ ಓಡಾಟ ಜಾಸ್ತಿ, ಹಾಗಾಗಿ ವೈರಿಂಗಿನಲ್ಲಿ ಚೌಕಾಶಿ ಮಾಡಲಿಲ್ಲ. ಅರ್ತ್ ಇರುವ ಮೂರು ಪಿನ್ ಪ್ಲಗ್, ಸ್ವಿಚ್ಚು ಅಡುಗೆಮನೆಯ ಒಳಗೆ, ವೈರು ಪ್ಲಗ್ಗಿಗಿಂತ ತಗ್ಗಾಗಿ ಜೋತು ಬಿದ್ದು ಆಮೇಲೆ ಮೇಲೇರುವ ಹಾಗೆ, ಹನಿ ನೀರು ಅಲ್ಲೇ ಉದುರಲಿ ಅಂತ. ಅವರ ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು) ಇತ್ತು. ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ಅಂತ ನೋಡಿಕೊಂಡೆ.

ಟೈಮರ್ ವಿಷಯದಲ್ಲಿ ಎಡವಿದ್ದು ನಾನು. ಚಕ್ರ ತಿರುಗುವ ಮೆಕ್ಯಾನಿಕಲ್ ಟೈಮರ್ ತಂದು ಹಾಕಿದ್ದೆ. ಕರೆಂಟು ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ ಅನ್ನುವುದು ಗೊತ್ತಿದ್ದೂ ಮರೆತಿದ್ದೆ. ಎರಡನೇ ವಾರ ಆ ಏರಿಯಾದಲ್ಲಿ ಕೇಬಲ್ ಕೆಲಸ, ಎರಡು ದಿನ ಸೇರಿ ಐದು ಗಂಟೆ ಕರೆಂಟಿಲ್ಲ. ಆಮೇಲೆ ದೀಪ ರಾತ್ರಿ ಒಂದು ಗಂಟೆಗೆ ಆರಿ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತಿಕೊಳ್ಳುತ್ತಿತ್ತು. ದೊಡ್ಡಮ್ಮ ಟೈಮರನ್ನೇ ಕಿತ್ತು ಕೈಗೆ ಕೊಟ್ಟರು. ಈಗಿನ ಏರ್ಪಾಡು ಹೀಗೆ: ಬೆಳಿಗ್ಗೆ ಆರಕ್ಕೆ ದೇವರ ದೀಪ ಹಚ್ಚಿದ ಮೇಲೆ ಗಿಡದ ದೀಪ, ರಾತ್ರಿ ಎಂಟರ ಧಾರಾವಾಹಿ ಶುರುವಾಗುವ ಮುಂಚೆ ಅದಕ್ಕೆ ಮಲಗುವ ಹೊತ್ತು. ಕರಾರುವಾಕ್ಕು 14 ಗಂಟೆ. ಧಾರಾವಾಹಿ ತಪ್ಪಿಸಿದ ದಾಖಲೆ ಅವರ ಇತಿಹಾಸದಲ್ಲಿಲ್ಲ.

ಬೆಳೆ ಯಾವುದು ಅನ್ನುವುದನ್ನು ಏಳೂವರೆ ಮೋಲೇ ತೀರ್ಮಾನಿಸಿತು. ಮೆಂತ್ಯ ಒಪ್ಪುತ್ತದೆ. ಅಡುಗೆಮನೆ ಡಬ್ಬದ ಕಾಳೇ ಸಾಕು, ರಾತ್ರಿ ನೆನೆಸಿ, ತೆಂಗಿನ ನಾರಿನ ಪುಡಿಗೆ ಎರೆಗೊಬ್ಬರ ಬೆರೆಸಿ ಹರಡಿದರೆ ಮೂರನೇ ದಿನ ಮೊಳಕೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಬೇಕು. ಅದು ಹತ್ತು ದಿನ ಸತಾಯಿಸುತ್ತದೆ. ಪುದೀನ ಮತ್ತು ದೊಡ್ಡಪತ್ರೆ ಕುಂಡದಲ್ಲಿ ಅಂಚಿಗೆ. "ಟೊಮ್ಯಾಟೊ?" ಅಂತ ಕೇಳಿದರು. ಟೊಮ್ಯಾಟೊಗೆ ದಿನಕ್ಕೆ 20 ಮೋಲಿಗಿಂತ ಹೆಚ್ಚು ಬೇಕು, ಇಷ್ಟೇ ಜಾಗಕ್ಕೆ ಈಗಿನ ಮೂರು ಪಟ್ಟು ದೀಪ. ಗಿಡವೊಂದು ಫ್ರಿಜ್ಜಿನಷ್ಟು ಕರೆಂಟು ತಿನ್ನುತ್ತದೆ. ಅದನ್ನು ತಾರಸಿಯ ಮನೆಯವರ ಹತ್ತಿರ ಒಂದು ಕುಂಡದ ಜಾಗ ಕೇಳಿ ಅಲ್ಲಿಡುವುದು ವಾಸಿ. ಕರಿಬೇವಿನ ಗಿಡವೂ ಹಾಗೇ, ಮೆಟ್ಟಿಲ ಮೇಲಕ್ಕೆ ಹೋಯಿತು.

ಜನವರಿ ಮೊದಲ ಭಾನುವಾರ ಬಿತ್ತಿದ ಮೆಂತ್ಯವನ್ನು 22ನೇ ದಿನ ಕಿತ್ತೆವು. ಗಿಡ ಗೇಣಿಗಿಂತ ಚೂರು ಕಡಿಮೆ, ಕಾಂಡ ಗಟ್ಟಿ, ಎಲೆ ಕಡುಹಸಿರು. ಬೇರು ಕತ್ತರಿಸಿ ತೂಗಿದಾಗ 220 ಗ್ರಾಂ. ನಡುವಿನ ಸಾಲು ಚೆನ್ನಾಗಿ ಬಂದಿತ್ತು, ಎರಡು ತುದಿಯವು ತುಸು ಸಣ್ಣ. ಲಕ್ಸ್ ಮೀಟರ್ ಹೇಳಿದ್ದನ್ನೇ ಗಿಡವೂ ಹೇಳಿತು. ಎರಡನೇ ಸಲ ವಾರಕ್ಕೆರಡು ಬಾರಿ ಟ್ರೇಯನ್ನು ಹಿಂದುಮುಂದು ತಿರುಗಿಸಲು ಶುರು ಮಾಡಿದ್ದರೂ, ತುದಿಯವು ಆಗಲೂ ಪೂರ್ತಿ ಸಮಕ್ಕೆ ಬರಲಿಲ್ಲ. ಕೊತ್ತಂಬರಿ ಮೊದಲ ಸಲ ಕೆಟ್ಟಿತು, ಆದರೆ ಅದು ಬೆಳಕಿನ ತಪ್ಪಲ್ಲ. ಮೂರೂ ಬದಿ ಥರ್ಮಾಕೋಲ್ ಮುಚ್ಚಿ ಗಾಳಿಯಾಡದೆ, ನೀರೂ ಹೆಚ್ಚಾಗಿ, ಬುಡ ಕೊಳೆಯಿತು. ಹಲಗೆಗಳನ್ನು ಕೆಳಗಿಂದ ಎರಡು ಬೆರಳು ಮೇಲೆತ್ತಿ ನಿಲ್ಲಿಸಿದ ಮೇಲೆ ಸರಿಹೋಯಿತು.

ದುಡ್ಡಿನ ಮಾತು ಬಂದರೆ ನಾನು ಮುಚ್ಚಿಡುವುದಿಲ್ಲ. 220 ಗ್ರಾಂ ಮೆಂತ್ಯ ಗಾಂಧಿಬಜಾರಿನಲ್ಲಿ ಎರಡು ಕಟ್ಟು. ಕರೆಂಟಿಗೆ ದುಡ್ಡು ಕೊಡುವ ಮನೆಯಲ್ಲಾದರೆ ಮೂರು ವಾರಕ್ಕೆ 50 ರೂಪಾಯಿಯಾದರೂ ಆಗುತ್ತದೆ, ಅಂದರೆ ಲಾಭವಿಲ್ಲ. ಮನೆಯೊಳಗೆ ದೀಪದಡಿ ಸೊಪ್ಪು ಬೆಳೆದು ದುಡ್ಡು ಉಳಿಸುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ. ದೊಡ್ಡಮ್ಮ ಆ ಭ್ರಮೆಯಲ್ಲಿರಲೂ ಇಲ್ಲ. ಅವರಿಗೆ ಬೇಕಿದ್ದದ್ದು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಹಿತ್ತಲ ಬಾಗಿಲು ತೆಗೆದು ನಾಲ್ಕು ಎಲೆ ಕಿತ್ತು ತರುವ ಅಭ್ಯಾಸ.

ಜನವರಿಯಿಂದ ಮಾರ್ಚಿನವರೆಗೆ ಬಿಲ್ಲು ಮತ್ತೆ ಸೊನ್ನೆ. ಏಪ್ರಿಲ್‌ನಲ್ಲಿ ಸೆಖೆ, ಎರಡು ಫ್ಯಾನೂ ಹಗಲಿಡೀ ತಿರುಗಿದವು. ಆ ತಿಂಗಳು 143 ಯೂನಿಟ್. ಮಿತಿಗಿಂತ ಮೂರು ಹೆಚ್ಚು. ನಾನು ಫೋನ್ ಮಾಡಿ, ಬೇಸಿಗೆ ಮುಗಿಯುವವರೆಗೆ ಗಿಡದ ದೀಪ ಎರಡು ಗಂಟೆ ಕಡಿಮೆ ಮಾಡಿ ಅಂತ ಹೇಳುವವನಿದ್ದೆ.

"ಆಗ್ಲೇ ಮಾಡಿದೀನಿ. ಈಗ ಆರು ಗಂಟೆ ವಾರ್ತೆಗೇ ಆರಿಸ್ತೀನಿ," ಅಂದರು. "ಮತ್ತೆ ಆ ನೇರಳೆ ದೀಪ ಪಕ್ಕದ್ಮನೆ ಹುಡುಗ ತಗೊಂಡು ಹೋದ. ಗಣೇಶನ ಹಬ್ಬಕ್ಕೆ ಪೆಂಡಾಲ್‌ಗೆ ಹಾಕ್ತಾನಂತೆ."